ಕನ್ನಡ ಪುಸ್ತಕಕ್ಕೆ ಕನ್ನಡದ ಹೆಸರಿಡಲು ಯಾರ ಅಪ್ಪಣೆ ಬೇಕು?

ಗೆಳೆಯರೆ, ನವೆಂಬರ್ ಒಂದರಂದು ಬೈಕಿಗೆ ಹಳದಿ-ಕೆಂಪು ಬಾವುಟ ಕಟ್ಟಿಕೊಂಡು ಊರೆಲ್ಲ ಸುತ್ತುತ್ತೀರಿ. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯುವವರ ಹಿಂದೆ ನಿಂತು ಗಂಟಲು ಹರಿಯುವಂತೆ ಘೋಷಣೆ ಕೂಗುತ್ತೀರಿ. ಬಹಳ ಸಂತೋಷ. ಅಂಗಡಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕೆಂಬ ಕಾನೂನು 2024ರಲ್ಲಿ ಬಂದದ್ದು ಈ ಕೂಗಿನಿಂದಲೇ. ಆದರೆ ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಮನೆಯೊಳಗೆ, ನಿಮ್ಮ ಲ್ಯಾಪ್‌ಟಾಪಿನೊಳಗೆ, ನಿಮ್ಮದೇ ಪುಸ್ತಕದ ಕಪಾಟಿಗೆ ಹಾಕಿರುವ ಬೋರ್ಡು ಯಾವ ಭಾಷೆಯಲ್ಲಿದೆ? ನೋಡಿದ್ದೀರಾ?

ಈಗಲೇ ನೋಡಿ. ನಿಮ್ಮಲ್ಲಿ ಇ-ಪುಸ್ತಕ ಓದುವವರು ಬಹಳ ಜನ ಇದ್ದೀರಿ. ಅವರಲ್ಲಿ ಸಾಕಷ್ಟು ಮಂದಿ ಕ್ಯಾಲಿಬರ್ ಎಂಬ ತಂತ್ರಾಂಶ ಇಟ್ಟುಕೊಂಡಿರುತ್ತೀರಿ. ಅದರ ಉಗ್ರಾಣದ ಫೋಲ್ಡರನ್ನು ತೆರೆಯಿರಿ. ಕ್ಯಾಲಿಬರಿನ ಕಿಟಕಿಯಲ್ಲಿ ಅಲ್ಲ, ನೇರವಾಗಿ ಡಿಸ್ಕಿನಲ್ಲಿ. ನೀವು 2021ಕ್ಕಿಂತ ಮುಂಚೆ ಅದರೊಳಗೆ ಕನ್ನಡ ಪುಸ್ತಕ ಹಾಕಿದ್ದರೆ ಅಲ್ಲಿ ಒಂದೇ ಒಂದು ಕನ್ನಡ ಅಕ್ಷರ ಕಾಣುವುದಿಲ್ಲ. ಕಾರಂತರ ‘ಮರಳಿ ಮಣ್ಣಿಗೆ’ ಅಲ್ಲಿ ಏನಾಗಿ ಕುಳಿತಿದೆ ಗೊತ್ತೆ? ಎಮ್, ಆರ್, ಎಲ್, ಎಲ್, ಐ. ಒಂದು ಖಾಲಿ ಜಾಗ. ಆಮೇಲೆ ಎಮ್, ಸಾಲಾಗಿ ನಾಲ್ಕು ಎನ್, ಐ, ಜಿ, ಇ. ಇದನ್ನು ಬಾಯಿಬಿಟ್ಟು ಓದಿ ನೋಡೋಣ! ನಾಲಿಗೆ ಹೊರಳುವುದಿಲ್ಲ. ‘ಕನ್ನಡ’ ಎಂಬ ಪದ ಕೆ, ಎನ್, ಎನ್, ಡಿ, ಡಿ ಆಗಿದೆ. ಒಂದು ಸ್ವರವೂ ಇಲ್ಲದ, ಉಸಿರೇ ಇಲ್ಲದ ಹೆಣ. ‘ಮರ’ ಅಂತ ಹೆಸರಿರುವ ಪುಸ್ತಕ ಎಮ್ ಆರ್ ಆಗುತ್ತದೆ. ಅಂದರೆ ನಮ್ಮ ಮರ ಇಂಗ್ಲಿಷಿನವನ ಕಣ್ಣಿಗೆ ಮಿಸ್ಟರ್! ನಗಬೇಕೋ ಅಳಬೇಕೋ ನೀವೇ ಹೇಳಿ.

ಇದು ಹೇಗಾಯಿತು ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅರ್ಧ ತಿಳಿದು ಕೂಗುವುದು ನಮ್ಮ ಚಳವಳಿಗೆ ಅಂಟಿದ ಹಳೆಯ ರೋಗ.

ಕ್ಯಾಲಿಬರನ್ನು ಕೋವಿದ್ ಗೋಯಲ್ ಎಂಬುವರು 2006ರಲ್ಲಿ ಶುರುಮಾಡಿದರು. ಸೋನಿ ಕಂಪೆನಿ ಆ ವರ್ಷ ಬಿಟ್ಟ ಇ-ಪುಸ್ತಕ ಓದುವ ಯಂತ್ರ ಲೀನಕ್ಸ್ ಜೊತೆ ಮಾತಾಡುತ್ತಿರಲಿಲ್ಲ, ಅದನ್ನು ಮಾತಾಡಿಸಲು ಹೊರಟ ಕೆಲಸ ಬೆಳೆದು ಇಷ್ಟಾಯಿತು. ಪುಕ್ಕಟೆ ಕೊಡುತ್ತಾರೆ. ಒಳಗಿನ ಸಂಕೇತವನ್ನೂ ಬಿಚ್ಚಿ ಇಟ್ಟಿದ್ದಾರೆ, ಯಾರು ಬೇಕಾದರೂ ತಿದ್ದಬಹುದು. ದೊಡ್ಡ ಮನಸ್ಸಿನ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ನೀವು ಒಂದು ಪುಸ್ತಕವನ್ನು ಅದರ ಕೈಗೆ ಕೊಟ್ಟರೆ ಅದು ನಿಮ್ಮ ಮೂಲ ಪ್ರತಿಯನ್ನು ಮುಟ್ಟುವುದಿಲ್ಲ. ಒಂದು ನಕಲು ತೆಗೆದು ತನ್ನ ಉಗ್ರಾಣದಲ್ಲಿ ಇಡುತ್ತದೆ. ಮೊದಲು ಲೇಖಕರ ಹೆಸರಿನ ಫೋಲ್ಡರು, ಅದರೊಳಗೆ ಪುಸ್ತಕದ ಹೆಸರಿನ ಫೋಲ್ಡರು, ಹೆಸರಿನ ಪಕ್ಕ ಆವರಣದಲ್ಲಿ ಒಂದು ಕ್ರಮಸಂಖ್ಯೆ. ಅದರೊಳಗೆ ಪುಸ್ತಕ, ಮುಖಪುಟದ ಚಿತ್ರ, ಪುಸ್ತಕದ ವಿವರ ಬರೆದ ಒಂದು ಚಿಕ್ಕ ಕಡತ. ಇಡೀ ಉಗ್ರಾಣಕ್ಕೆ ಸೇರಿ ಒಂದು ದೊಡ್ಡ ಲೆಡ್ಜರು, ಅದು ದತ್ತಸಂಚಯ. ಲೆಡ್ಜರಿನಲ್ಲಿ ಕನ್ನಡ ಹೆಸರು ಕನ್ನಡದಲ್ಲೇ ಇರುತ್ತದೆ. ಕಿಟಕಿಯಲ್ಲಿ ಕಾಣುವುದು ಲೆಡ್ಜರಿನ ಹೆಸರು, ಆದ್ದರಿಂದ ನಿಮಗೆ ಏನೂ ಅನುಮಾನ ಬರುವುದಿಲ್ಲ. ಆದರೆ ಹಿತ್ತಲಲ್ಲಿ, ಫೋಲ್ಡರಿಗೆ ಚೀಟಿ ಅಂಟಿಸುವಾಗ, ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಒಂದು ರೋಮನ್ ಅಕ್ಷರ ಬರೆದಿರುವ ಕೋಷ್ಟಕವನ್ನು ಮುಂದಿಟ್ಟುಕೊಂಡು ಹೆಸರನ್ನು ಇಂಗ್ಲಿಷಿಗೆ ಇಳಿಸುತ್ತಿತ್ತು. ಆ ಕೋಷ್ಟಕಕ್ಕೆ ‘ಕ’ ಅಂದರೆ ಬರೀ ಕೆ. ಕ ಅಕ್ಷರದೊಳಗೆ ಒಂದು ಅಕಾರ ಅಡಗಿದೆ ಅನ್ನುವುದು ನಮ್ಮ ಒಂದನೇ ಕ್ಲಾಸಿನ ಮಗುವಿಗೆ ಗೊತ್ತು, ಆ ಕೋಷ್ಟಕಕ್ಕೆ ಗೊತ್ತಿಲ್ಲ.

ಇದಕ್ಕೆ ಅವರು ಕೊಡುತ್ತಿದ್ದ ಕಾರಣ ಏನು? ಎಲ್ಲ ಡಿಸ್ಕು, ಎಲ್ಲ ಯಂತ್ರ, ಎಲ್ಲ ಹಳೆಯ ತಂತ್ರಾಂಶವೂ ಇಂಗ್ಲಿಷೇತರ ಅಕ್ಷರದ ಹೆಸರನ್ನು ಸರಿಯಾಗಿ ಹಿಡಿದುಕೊಳ್ಳುವುದಿಲ್ಲ, ಇಂಗ್ಲಿಷ್ ಅಕ್ಷರ ಸುರಕ್ಷಿತ, ಅಂತ. ಈ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅದರಲ್ಲಿ ಸತ್ಯವಿದೆ. ಕನ್ನಡದ ಒಂದೊಂದು ಸಂಕೇತವೂ ಯೂಟಿಎಫ್-8 ಪದ್ಧತಿಯಲ್ಲಿ ಮೂರು ಬೈಟ್ ತಿನ್ನುತ್ತದೆ. ‘ಸ್ತ್ರೀ’ ಅಂತ ಒಂದೇ ಅಕ್ಷರ ಬರೆದರೆ ಒಳಗೆ ಆರು ಸಂಕೇತ, ಹದಿನೆಂಟು ಬೈಟ್. ಲೀನಕ್ಸಿನಲ್ಲಿ ಒಂದು ಹೆಸರಿಗೆ 255 ಬೈಟಿನ ಮಿತಿ, ವಿಂಡೋಸಿನಲ್ಲಿ ಇಡೀ ದಾರಿಗೇ 260 ಅಕ್ಷರದ ಹಳೆಯ ಮಿತಿ. ಇನ್ನು ಆಪಲ್‌ನವರ ಹಳೆಯ ಡಿಸ್ಕು ಪದ್ಧತಿ ‘ಕೋ’ ಅನ್ನುವ ಅಕ್ಷರದ ಓಕಾರವನ್ನು ತುಂಡು ಮಾಡಿ ಮೂರು ಚಿಹ್ನೆಯಾಗಿ ಬಿಡಿಸಿ ಇಡುತ್ತಿತ್ತು. ಕಣ್ಣಿಗೆ ಒಂದೇ ಹೆಸರು, ಯಂತ್ರಕ್ಕೆ ಎರಡು ಬೇರೆ ಹೆಸರು. ಇವೆಲ್ಲ ನಿಜವಾದ ತೊಡಕುಗಳೇ.

ಆದರೆ ಸ್ವಾಮಿ, ತೊಡಕು ಇದೆ ಅಂತ ಮನುಷ್ಯನ ಹೆಸರನ್ನೇ ಬದಲಿಸುತ್ತಾರೆಯೆ? ಉದ್ದ ಹೆಚ್ಚಾದರೆ ಕತ್ತರಿಸಿ. ತುಂಡಾದ ಓಕಾರವನ್ನು ಹೋಲಿಸುವ ಮುಂಚೆ ಜೋಡಿಸಿಕೊಳ್ಳಿ, ಅದಕ್ಕೆ ಯೂನಿಕೋಡಿನವರೇ ನಿಯಮ ಬರೆದುಕೊಟ್ಟಿದ್ದಾರೆ. ಯೂನಿಕೋಡಿನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಜಾಗ ಇತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರವಿನ್ಯಾಸವನ್ನೇ ಸೇರಿಸಿ ಕೊಟ್ಟಿದ್ದರು. ಅಂದಿನಿಂದ ಕಡತಕ್ಕೆ ಕನ್ನಡದಲ್ಲಿ ಹೆಸರಿಡಬಹುದಿತ್ತು. ಡಿಸ್ಕು ತಯಾರಿತ್ತು, ಕಿಟಕಿ ತಯಾರಿತ್ತು, ಚೀಟಿ ಅಂಟಿಸುವವನಿಗೆ ಮಾತ್ರ ಇಪ್ಪತ್ತು ವರ್ಷ ಬೇಕಾಯಿತು.

ಹೌದು, ಕೊನೆಗೆ ಸರಿಮಾಡಿದರು. 2021ರಲ್ಲಿ, ಐದನೇ ಆವೃತ್ತಿಯ ಸಾಲಿನಲ್ಲಿ, ಉಗ್ರಾಣದ ಫೋಲ್ಡರಿಗೂ ಕಡತಕ್ಕೂ ಆಯಾ ಭಾಷೆಯ ಅಕ್ಷರದಲ್ಲೇ ಹೆಸರಿಡಲು ಬಿಟ್ಟರು. ಒಪ್ಪತಕ್ಕ ಕೆಲಸ. ಆದರೆ ಅದು ಹೊಸದಾಗಿ ಸೇರಿಸಿದ ಪುಸ್ತಕಕ್ಕೆ ಮಾತ್ರ. ಹಳೆಯವು, ನೀವು ಹೆಸರನ್ನೋ ಲೇಖಕರನ್ನೋ ತಿದ್ದುವ ತನಕ, ಅದೇ ಹೆಣದ ಹೆಸರಿನಲ್ಲಿ ಕೊಳೆಯುತ್ತಿರುತ್ತವೆ. ಇನ್ನೊಂದು ವಿಷಯ. ಉಗ್ರಾಣದಿಂದ ಪುಸ್ತಕವನ್ನು ಹೊರಗೆ ನಕಲು ಮಾಡುವ ಜಾಗದಲ್ಲಿ, ಇಂಗ್ಲಿಷೇತರ ಅಕ್ಷರಗಳನ್ನು ಇಂಗ್ಲಿಷಿನ ‘ಸಮಾನ’ ಅಕ್ಷರಗಳಿಗೆ ಬದಲಿಸು ಎಂಬ ಅರ್ಥದ ಒಂದು ಪುಟ್ಟ ಚೌಕವಿದೆ. ಅದರಲ್ಲಿ ಗುರುತು ಬಿದ್ದಿದ್ದರೆ ಪೆನ್‌ಡ್ರೈವಿಗೆ ಹೋಗುವ ಪುಸ್ತಕ ಮತ್ತೆ ಕೆ ಎನ್ ಎನ್ ಡಿ ಡಿ. ಸಮಾನವಂತೆ! ಳ ಅಕ್ಷರಕ್ಕೆ ಇಂಗ್ಲಿಷಿನಲ್ಲಿ ಸಮಾನ ಎಲ್ಲಿದೆ, ತೋರಿಸಲಿ. ಆ ಗುರುತನ್ನು ಇವತ್ತೇ ತೆಗೆಯಿರಿ.

ಕಡತದ ಹೆಸರು ಏನಿದ್ದರೇನು, ಒಳಗೆ ಪುಸ್ತಕ ಸರಿಯಾಗಿದೆಯಲ್ಲ ಅನ್ನುವ ಜಾಣರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಇದೇ ಮಾತನ್ನು ಮೆಜೆಸ್ಟಿಕ್ಕಿನಲ್ಲಿ ನಿಂತು ಹೇಳಿ ನೋಡಿ: ಬಸ್ಸು ಸರಿಯಾದ ಊರಿಗೇ ಹೋಗುತ್ತದೆ, ಬೋರ್ಡು ಯಾವ ಭಾಷೆಯಲ್ಲಿದ್ದರೇನು ಅಂತ. ಅಲ್ಲಿ ಒಪ್ಪದವರು ಇಲ್ಲಿ ಯಾಕೆ ಒಪ್ಪುತ್ತೀರಿ?

ಇನ್ನೊಂದು ಪಂಗಡದವರ ಜಗಳ ಬೇರೆ. ತಂತ್ರಾಂಶ ತನ್ನ ಇಷ್ಟದಂತೆ ಫೋಲ್ಡರು ಮಾಡುವುದೇ ತಪ್ಪು, ನಮ್ಮ ಪುಸ್ತಕ, ನಮ್ಮ ಡಿಸ್ಕು, ನಾವು ಇಟ್ಟಂತೆ ಇರಲಿ, ಕಾದಂಬರಿ ಒಂದು ಕಡೆ, ಕಾವ್ಯ ಒಂದು ಕಡೆ, ಅನ್ನುತ್ತಾರೆ. ಪ್ರಪಂಚದ ಎಲ್ಲ ದೇಶದ ಓದುಗರೂ ಗೋಯಲ್ ಅವರ ಮೇಲೆ ಈ ಜಗಳ ಕಾದಿದ್ದಾರೆ. ಅವರು ಜಗ್ಗಲಿಲ್ಲ. ಇದರಲ್ಲಿ ನಾನು ಅವರ ಕಡೆ.

ಯಾಕೆಂದರೆ ಒಂದು ಫೋಲ್ಡರಿನಲ್ಲಿಟ್ಟ ಪುಸ್ತಕ ಇನ್ನೊಂದರಲ್ಲಿ ಇರಲಾರದು. ಕಾರಂತರ ‘ಯಕ್ಷಗಾನ ಬಯಲಾಟ’ ಇದೆ, 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು. ಅದನ್ನು ಎಲ್ಲಿಡುತ್ತೀರಿ? ರಂಗಭೂಮಿಯಲ್ಲೆ? ಸಂಶೋಧನೆಯಲ್ಲೆ? ಕರಾವಳಿಯ ಬಗೆಗಿನ ಪುಸ್ತಕಗಳಲ್ಲೆ? ಪ್ರಶಸ್ತಿ ಪಡೆದವುಗಳಲ್ಲೆ? ಕಾಗದದ ಪುಸ್ತಕಕ್ಕೆ ಈ ಸಂಕಟ ತಪ್ಪದು, ಒಂದು ಪ್ರತಿಯನ್ನು ಎರಡು ಕಪಾಟಿನಲ್ಲಿ ಇಡಲಾಗದು. ಎಸ್. ಆರ್. ರಂಗನಾಥನ್ ಎಂಬ ಮಹಾನುಭಾವರು ಈ ಸಂಕಟಕ್ಕೇ ತಲೆಕೆಡಿಸಿಕೊಂಡು 1933ರಲ್ಲಿ ಕೋಲನ್ ವರ್ಗೀಕರಣ ಹೊರತಂದರು. ಒಂದು ಪುಸ್ತಕಕ್ಕೆ ಒಂದೇ ಮುಖವಲ್ಲ, ಹಲವು ಮುಖ, ಒಂದೊಂದನ್ನೂ ಬೇರೆಬೇರೆ ಗುರುತಿಸಿ ಆಮೇಲೆ ಜೋಡಿಸಬೇಕು ಅನ್ನುವುದು ಅದರ ಜೀವ. ಆ ರಂಗನಾಥನ್ ನಮ್ಮ ಬೆಂಗಳೂರಿನಲ್ಲೇ ನೆಲೆಸಿದ್ದರು, 1962ರಲ್ಲಿ ಇಲ್ಲೇ ದಾಖಲೀಕರಣ ಸಂಶೋಧನಾ ಮತ್ತು ತರಬೇತಿ ಕೇಂದ್ರ ಕಟ್ಟಿದರು. ನಮ್ಮ ಊರಿನ ಎಷ್ಟು ಜನ ಸಾಫ್ಟ್‌ವೇರ್ ಹುಡುಗರಿಗೆ ಇದು ಗೊತ್ತು? ಇವತ್ತು ಕ್ಯಾಲಿಬರಿನಲ್ಲಿ ಒಂದು ಪುಸ್ತಕಕ್ಕೆ ಹತ್ತು ಪಟ್ಟಿ ಅಂಟಿಸುತ್ತೀರಲ್ಲ, ಕರಾವಳಿ, ಯಕ್ಷಗಾನ, ಸಂಶೋಧನೆ ಅಂತ, ಅದು ಅದೇ ವಿಚಾರದ ಮೊಮ್ಮಗು.

ನಮ್ಮ ಅಚ್ಚಿನ ಮನೆಯ ಮಾತಿನಲ್ಲಿ ಹೇಳುತ್ತೇನೆ. ಮೊಳೆ ಜೋಡಿಸುವ ಕಾಲದಲ್ಲಿ ಕೇಸು ಅಂತ ಇರುತ್ತಿತ್ತು, ಮರದ ತಟ್ಟೆ, ತುಂಬ ಚಿಕ್ಕಚಿಕ್ಕ ಮನೆ. ಹೊರಗಿನವರು ಬಂದು ನೋಡಿದರೆ ತಲೆಬುಡ ತಿಳಿಯುತ್ತಿರಲಿಲ್ಲ. ಅಆಇಈ ಕ್ರಮವೂ ಅಲ್ಲ, ಕಖಗಘ ಕ್ರಮವೂ ಅಲ್ಲ. ಹೆಚ್ಚು ಬೇಕಾಗುವ ಅಕ್ಷರ ಕೈಗೆ ಹತ್ತಿರ, ಅಪರೂಪದ ಒತ್ತಕ್ಷರ ಮೂಲೆಯಲ್ಲಿ. ಕಂಪೋಸಿಟರಿನ ಕೈಗೆ ಮಾತ್ರ ಆ ಲೆಕ್ಕ ಗೊತ್ತು. ಅದು ತಪ್ಪೇನಲ್ಲ, ಕೆಲಸದ ಅನುಕೂಲ. ಕೇಸಿನ ಕ್ರಮ ಕೆಲಸಗಾರನದ್ದು, ಓದುಗನಿಗೆ ಸಂಬಂಧವಿಲ್ಲ. ಹಾಗೆಯೇ ಉಗ್ರಾಣದ ಫೋಲ್ಡರಿನ ಕ್ರಮ ತಂತ್ರಾಂಶದ್ದು, ಅದು ಹೇಗೆ ಬೇಕಾದರೂ ಇಟ್ಟುಕೊಳ್ಳಲಿ, ನಾವು ಕೈ ಹಾಕುವುದು ಬೇಡ. ಕೈ ಹಾಕಿ ಹೆಸರು ಬದಲಿಸಿದರೆ ಲೆಡ್ಜರಿಗೂ ಡಿಸ್ಕಿಗೂ ತಾಳ ತಪ್ಪುತ್ತದೆ. ಆದರೆ ಒಂದು ಷರತ್ತು. ಕೇಸು ಕೆಳಗೆ ಬಿದ್ದು ಎಲ್ಲ ಮೊಳೆ ಚೆಲ್ಲಾಪಿಲ್ಲಿ ಆದರೂ, ಪ್ರತಿಯೊಂದು ಮೊಳೆಯ ತಲೆಯ ಮೇಲೂ ಅದರ ಅಕ್ಷರ ಇರುತ್ತಿತ್ತು. ಕ ಮೊಳೆಯ ತಲೆಯ ಮೇಲೆ ಕ ಇತ್ತು. ಒಂದೊಂದೇ ಹೆಕ್ಕಿ ಮತ್ತೆ ಮನೆಗೆ ಸೇರಿಸಬಹುದಿತ್ತು. ಫೋಲ್ಡರು ಹೇಗಿದ್ದರೂ ಇರಲಿ, ಪುಸ್ತಕದ ತಲೆಯ ಮೇಲೆ ಅದರ ಹೆಸರು ಅದರ ಭಾಷೆಯಲ್ಲಿ ಇರಲೇಬೇಕು. ತಂತ್ರಾಂಶ ಸತ್ತ ದಿನ, ಲೆಡ್ಜರು ಕೆಟ್ಟ ದಿನ, ಉಳಿಯುವುದು ಅದೊಂದೇ.

ತಂತ್ರಾಂಶ ಸಾಯುತ್ತದೆಯೆ ಅಂತ ಕೇಳಬೇಡಿ. ಕರ್ನಾಟಕದ ಯಾವ ಡಿಟಿಪಿ ಅಂಗಡಿಯಲ್ಲಾದರೂ ವಿಚಾರಿಸಿ. ಪೇಜ್‌ಮೇಕರ್ ಇಲ್ಲದೆ ಇಲ್ಲಿ ಒಂದು ಮದುವೆ ಪತ್ರಿಕೆಯೂ ಹೊರಡುತ್ತಿರಲಿಲ್ಲ. ಅದರ ಕೊನೆಯ ದೊಡ್ಡ ಆವೃತ್ತಿ ಏಳನೆಯದು, 2001ರಲ್ಲಿ ಬಂತು. ಅಲ್ಲಿಗೆ ಅದರ ಕಥೆ ಮುಗಿಯಿತು. ಎಷ್ಟು ಕಾದಂಬರಿ, ಎಷ್ಟು ಕವನ ಸಂಕಲನ, ಎಷ್ಟು ಅಭಿನಂದನ ಗ್ರಂಥ ಆ ಕಡತಗಳಲ್ಲಿ ಹೂತುಹೋಗಿವೆ! ಅಂಗಡಿಗಳ ಅಟ್ಟದ ಮೇಲೆ ಫ್ಲಾಪಿ ಇದೆ, ಸಿ.ಡಿ. ಇದೆ, ತೆರೆಯುವ ಯಂತ್ರ ಇಲ್ಲ. ಹಳೆಯ ಡಾಸ್ ಕಾಲದ ಅಭ್ಯಾಸಕ್ಕೆ ಕಡತದ ಹೆಸರೂ ಎಂಟೇ ಇಂಗ್ಲಿಷ್ ಅಕ್ಷರ, ಅದು ಯಾರ ಪುಸ್ತಕ ಅಂತ ಜೋಡಿಸಿದ ಹುಡುಗಿಗೆ ಮಾತ್ರ ಗೊತ್ತಿತ್ತು, ಅವಳು ಮದುವೆಯಾಗಿ ಹೋಗಿ ಇಪ್ಪತ್ತು ವರ್ಷವಾಯಿತು.

ತೆರೆದರೂ ಏನು ಕಾಣುತ್ತದೆ? ನುಡಿ, ಶ್ರೀಲಿಪಿ, ಆಕೃತಿ, ಪ್ರಕಾಶಕ್, ಒಬ್ಬೊಬ್ಬರದು ಒಂದೊಂದು ಸಂಕೇತ. ಇಂಗ್ಲಿಷ್ ಅಕ್ಷರದ ಮೇಲೆ ಕನ್ನಡದ ವೇಷ. ವೇಷ ಕಳಚಿದರೆ ನುಡಿಯ ‘ಕನ್ನಡ’ ಹೀಗೆ ಬರುತ್ತದೆ: ಒಂದು ಪಿ, ತಲೆಯ ಮೇಲೆ ಗೀರು ಎಳೆದ ಒಂದು ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಗೀರಿನ ಎ, ಜರ್ಮನರ ಜೋಡಿ ಎಸ್, ಒಂದು ಕ್ಯೂ, ಮತ್ತೆ ಎ. ಈ ಸಂಕೇತದಲ್ಲಿ ಜೋಡಿಸಿ ಪಿಡಿಎಫ್ ಮಾಡಿದ ಪುಸ್ತಕದಲ್ಲಿ ‘ಕನ್ನಡ’ ಅಂತ ಹುಡುಕಿದರೆ ಒಂದು ಸಲವೂ ಸಿಗುವುದಿಲ್ಲ. ಮುನ್ನೂರು ಪುಟದ ಕನ್ನಡ ಪುಸ್ತಕ, ಅದರಲ್ಲಿ ಕನ್ನಡ ಇಲ್ಲ! ಇದಕ್ಕೆ ಯಾವ ಗೋಯಲ್ ಕಾರಣ? ಯಾವ ಅಮೆರಿಕದವ ಕಾರಣ? ಅದನ್ನು ಜೋಡಿಸಿದವರು ನಾವು, ದುಡ್ಡು ಕೊಟ್ಟು ಮಾಡಿಸಿದವರು ನಮ್ಮ ಪ್ರಕಾಶಕರು.

ಪ್ರಕಾಶಕರ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಇ-ಪಬ್ ಕಡತ ಅಂದರೆ ಒಂದು ಗಂಟು. ಅದರೊಳಗೆ ಪುಸ್ತಕದ ಹೆಸರು, ಲೇಖಕರು, ಭಾಷೆ ಬರೆಯಲು ಒಂದು ಚೀಟಿ ಇದೆ. ಆ ಚೀಟಿಯೇ ಪುಸ್ತಕದ ಜಾತಕ, ಯಾವ ತಂತ್ರಾಂಶದ ಕೈಗೆ ಹೋದರೂ ಅದನ್ನೇ ಓದುವುದು. ನಮ್ಮಲ್ಲಿ ಅದನ್ನು ತುಂಬುವವರು ಯಾರು? ಭಾಷೆ ಅನ್ನುವ ಜಾಗದಲ್ಲಿ ಇಂಗ್ಲಿಷ್ ಅಂತ ಮೊದಲೇ ಇರುತ್ತದೆ, ಹಾಗೇ ಬಿಟ್ಟುಬಿಡುತ್ತಾರೆ. ಹೆಸರಿನ ಜಾಗದಲ್ಲಿ ‘ಫೈನಲ್ ಕರೆಕ್ಷನ್ 2’. ಲೇಖಕರ ಜಾಗದಲ್ಲಿ ಡಿಟಿಪಿ ಅಂಗಡಿಯ ಕಂಪ್ಯೂಟರಿನ ಹೆಸರು. ಓದಿ ಹೇಳುವ ಯಂತ್ರ ಇಂತಹ ಪುಸ್ತಕವನ್ನು ಇಂಗ್ಲಿಷ್ ಅಂತ ನಂಬಿ ತಡವರಿಸುತ್ತದೆ. ಕಣ್ಣು ಕಾಣದ ಕನ್ನಡಿಗನೊಬ್ಬ ಅದನ್ನೇ ನೆಚ್ಚಿಕೊಂಡು ಕುಳಿತಿರುತ್ತಾನೆ ಅನ್ನುವುದು ಇವರಿಗೆ ಹೊಳೆಯುವುದೇ ಇಲ್ಲ. ಮುಖಪುಟಕ್ಕೆ ಮಾತ್ರ ನಾಲ್ಕು ಸಲ ಪ್ರೂಫ್ ತೆಗೆಸುತ್ತಾರೆ.

ಸರ್ಕಾರದ ಕಡೆಗೆ ತಿರುಗಿದರೆ ಅಲ್ಲೂ ಇದೇ. ಭಾರತೀಯ ಡಿಜಿಟಲ್ ಗ್ರಂಥಾಲಯ ಅಂತ ಯೋಜನೆ ಮಾಡಿ ಹಳೆಯ ಕನ್ನಡ ಪುಸ್ತಕಗಳನ್ನೂ ಸ್ಕ್ಯಾನ್ ಮಾಡಿದರು. ಪುಣ್ಯದ ಕೆಲಸ. ಆದರೆ ಪುಸ್ತಕದ ಹೆಸರನ್ನು ದಾಖಲೆಗೆ ಬರೆದದ್ದು ರೋಮನ್ ಲಿಪಿಯಲ್ಲಿ, ಅದೂ ಬಾಯಿಗೆ ಬಂದ ಕಾಗುಣಿತದಲ್ಲಿ. ಕನ್ನಡದಲ್ಲಿ ಹುಡುಕಿದವನಿಗೆ ಕನ್ನಡ ಪುಸ್ತಕ ಸಿಗದಂತೆ ಕನ್ನಡ ಪುಸ್ತಕವನ್ನು ಇಡುವುದು ಹೇಗೆ ಅಂತ ಸ್ಪರ್ಧೆ ಇಟ್ಟಿದ್ದರೆ ಮೊದಲ ಬಹುಮಾನ ಅವರಿಗೇ. ಕೊನೆಗೆ ಸಂಚಯ ಎಂಬ ನಮ್ಮ ಹುಡುಗ ಹುಡುಗಿಯರ ತಂಡ ಆ ಪಟ್ಟಿಯನ್ನು ಹಿಡಿದು, ಸಾರ್ವಜನಿಕರಿಂದ ಒಂದೊಂದೇ ಹೆಸರನ್ನು ಕನ್ನಡಕ್ಕೆ ತಂದು, ಕನ್ನಡದಲ್ಲೇ ಹುಡುಕುವಂತೆ ಮಾಡಿತು. ಬಾವುಟ ಹಿಡಿಯಲಿಲ್ಲ, ಮೈಕು ಹಿಡಿಯಲಿಲ್ಲ, ಕೀಲಿಮಣೆ ಹಿಡಿದರು. ಇದೂ ಚಳವಳಿಯೇ.

ಈಗ ಲೇಖಕರ ಹೆಸರಿಗೆ ಬರೋಣ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುವ ವಿಷಯ.

ಕ್ಯಾಲಿಬರ್ ಲೇಖಕರನ್ನು ಅಕಾರಾದಿಯಲ್ಲಿ ಜೋಡಿಸುವಾಗ ಹೆಸರಿನ ಕೊನೆಯ ಪದವನ್ನು ಮುಂದಕ್ಕೆ ತಂದು ಅಲ್ಪವಿರಾಮ ಹಾಕುತ್ತದೆ. ಪಶ್ಚಿಮದವರಿಗೆ ಅದು ಸರಿ, ಅವರಿಗೆ ಮನೆತನದ ಹೆಸರು ಕೊನೆಗೆ ಬರುತ್ತದೆ, ಅವರು ಕರೆಯುವುದೂ ಹಾಗೆಯೇ. ನಾವು? ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅಂದರೆ ಕನ್ನಡಿಗರಿಗೆ ಮಾಸ್ತಿ. ಕೋಲಾರದ ಕಡೆಯ ಒಂದು ಊರಿನ ಹೆಸರೇ ಒಬ್ಬ ಮನುಷ್ಯನ ಹೆಸರಾಗಿ, ಆ ಮನುಷ್ಯ ಕನ್ನಡದ ಆಸ್ತಿಯಾಗಿ ಹೋಯಿತು. ಕ್ಯಾಲಿಬರಿನಲ್ಲಿ ಅವರನ್ನು ಮ ಅಕ್ಷರದಲ್ಲಿ ಹುಡುಕಿ, ಇರುವುದಿಲ್ಲ. ಅ ಅಕ್ಷರದಲ್ಲಿ, ಅಯ್ಯಂಗಾರ್ ಅಂತ ಕುಳಿತಿರುತ್ತಾರೆ. ಪಕ್ಕದಲ್ಲಿ ಗೊರೂರು ರಾಮಸ್ವಾಮಿ ಅಯ್ಯಂಗಾರ್. ಊರಿನಿಂದ ಕರೆಸಿಕೊಂಡ ಇಬ್ಬರನ್ನೂ ಎಳೆತಂದು ಜಾತಿಯ ಕಪಾಟಿನಲ್ಲಿ ಕೂರಿಸಿತು ಈ ಯಂತ್ರ! ದೇವನೂರ ಮಹಾದೇವ ಅವರು ‘ಮಹಾದೇವ, ದೇವನೂರ’. ಇನ್ನು ಅಲ್ಲಮಪ್ರಭುವನ್ನು ಬಿಡಿಸಿ ಬರೆದರೆ ‘ಪ್ರಭು, ಅಲ್ಲಮ’. ಮಂಗಳೂರಿನ ಕಡೆ ಪ್ರಭು ಎಂಬ ಮನೆತನದ ಹೆಸರಿನವರು ಬಹಳ ಜನ ಇದ್ದಾರೆ, ಅವರ ಸಾಲಿನಲ್ಲಿ ನಮ್ಮ ವ್ಯೋಮಮೂರ್ತಿಯೂ ಒಬ್ಬ.

ಆ ತಂತ್ರಾಂಶದೊಳಗೆ ಒಂದು ಪಟ್ಟಿ ಇದೆ. ಇಂತಿಂಥ ಪದ ಬಂದರೆ ಅದು ಮನುಷ್ಯನಲ್ಲ, ಸಂಸ್ಥೆ, ಹೆಸರನ್ನು ತಿರುಗಿಸಬೇಡ ಅಂತ. ಅದರಲ್ಲಿ ಕಂಪೆನಿ, ಕಮಿಟಿ, ಕೌನ್ಸಿಲ್, ಸೊಸೈಟಿ ಇವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಇವೆ. ಮಿಸ್ಟರ್, ಡಾಕ್ಟರ್, ಪ್ರೊಫೆಸರ್ ಬಿರುದುಗಳಿಗೂ ಇನ್ನೊಂದು ಪಟ್ಟಿ, ಅದೂ ಇಂಗ್ಲಿಷಿನಲ್ಲಿ. ಫ್ರೆಂಚರ, ಡಚ್ಚರ, ಜರ್ಮನರ ಮನೆತನದ ಹೆಸರಿನ ಹಿಂದೆ ಬರುವ ‘ದ’, ‘ವಾನ್’ ಮುಂತಾದ ಬಾಲಗಳಿಗೂ ಒಂದು ಪಟ್ಟಿ! ಯೂರೋಪಿನವನ ಬಾಲಕ್ಕೆ ಇಷ್ಟು ಮರ್ಯಾದೆ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತು ಮಾತ್ರ ‘ಪರಿಷತ್ತು, ಕನ್ನಡ ಸಾಹಿತ್ಯ’. ಡಾ. ಶಿವರಾಮ ಕಾರಂತ ‘ಕಾರಂತ, ಡಾ. ಶಿವರಾಮ’.

ಇದಕ್ಕೆ ಮದ್ದು ಇದೆ, ಅದನ್ನು ಹೇಳದೆ ಬೈದರೆ ಪ್ರಯೋಜನವಿಲ್ಲ. ಆದ್ಯತೆಗಳ ಒಳಗೆ ಟ್ವೀಕ್ಸ್ ಅಂತ ಒಂದು ಜಾಗವಿದೆ. ಲೇಖಕರ ಹೆಸರನ್ನು ತಿರುಗಿಸು ಅನ್ನುವಲ್ಲಿ ‘ಕಾಪಿ’ ಅಂತ ಬದಲಿಸಿದರೆ ಇದ್ದಂತೆ ಇಡುತ್ತದೆ. ಸಂಸ್ಥೆಗಳ ಪಟ್ಟಿಗೆ ಪರಿಷತ್ತು, ಅಕಾಡೆಮಿ, ವಿಶ್ವವಿದ್ಯಾಲಯ, ಸಂಘ, ಪ್ರತಿಷ್ಠಾನ ಅಂತ ಕನ್ನಡ ಅಕ್ಷರದಲ್ಲೇ ಸೇರಿಸಬಹುದು. ಮೊದಲೇ ಸೇರಿಸಿದ ಪುಸ್ತಕಗಳ ಹೆಸರನ್ನು ಮಾತ್ರ ಇನ್ನೊಮ್ಮೆ ಕೈಯಾರೆ ಸರಿಮಾಡಬೇಕು. ಆದರೆ ನನ್ನ ಪ್ರಶ್ನೆ, ಅದನ್ನು ಪ್ರತಿಯೊಬ್ಬ ಕನ್ನಡಿಗನೂ ತನ್ನ ಮನೆಯಲ್ಲಿ ಕದ್ದುಮುಚ್ಚಿ ಯಾಕೆ ಮಾಡಿಕೊಳ್ಳಬೇಕು? ಪುಸ್ತಕದ ಭಾಷೆ ಕನ್ನಡ ಅಂತ ಚೀಟಿಯಲ್ಲಿ ಬರೆದಿದೆ ಅಂದಮೇಲೆ, ಕನ್ನಡದ ಹೆಸರನ್ನು ಕನ್ನಡದ ರೂಢಿಯಂತೆ ಜೋಡಿಸು ಎಂಬ ನಿಯಮ ತಂತ್ರಾಂಶದೊಳಗೇ ಇರಬೇಕು. ಇದೇನು ಆಕಾಶದ ಚಂದ್ರನನ್ನು ಕೇಳಿದಂತಲ್ಲ. ಸಂಕೇತ ಬಿಚ್ಚಿಟ್ಟಿದ್ದಾರೆ ಅಂದೆನಲ್ಲ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಕನ್ನಡಿಗರಲ್ಲಿ ಒಂದು ಭಾನುವಾರ ಬಿಡುವಿರುವವರು ಹತ್ತು ಜನರಾದರೂ ಇಲ್ಲವೆ? ಅಮೆರಿಕದ ಬ್ಯಾಂಕಿನ ಲೆಕ್ಕ ಬರೆಯಲು ರಾತ್ರಿಯಿಡೀ ಕೂರುತ್ತೀರಿ, ಮಾಸ್ತಿಯವರನ್ನು ಮ ಅಕ್ಷರಕ್ಕೆ ತರಲು ಅರ್ಧ ದಿನ ಕೂರಲಾರಿರೆ?

ಕಾವ್ಯನಾಮದ ತೊಡಕು ಇನ್ನೂ ಸ್ವಾರಸ್ಯ. ಕುವೆಂಪು, ಕೆ.ವಿ. ಪುಟ್ಟಪ್ಪ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ, ಮೂರು ಹೆಸರು, ಮೂರು ಫೋಲ್ಡರು. ಬೇಂದ್ರೆಯವರು ಒಂದು ಕಡೆ, ಅಂಬಿಕಾತನಯದತ್ತರು ಇನ್ನೊಂದು ಕಡೆ, ಒಬ್ಬರ ಮುಖ ಒಬ್ಬರು ನೋಡದ ದಾಯಾದಿಗಳಂತೆ. ಇವರಿಬ್ಬರೂ ಒಬ್ಬರೇ ಅಂತ ಯಂತ್ರಕ್ಕೆ ತಾನಾಗಿ ತಿಳಿಯುವುದಿಲ್ಲ, ನೀವೇ ಒಂದು ಹೆಸರಿಗೆ ತರಬೇಕು. ಯಾವ ಹೆಸರಿಗೆ ಅನ್ನುವುದು ನಿಮ್ಮ ನಿಮ್ಮ ಭಕ್ತಿಗೆ ಬಿಟ್ಟದ್ದು. ನಾನಂತೂ ಮುಖಪುಟದ ಮೇಲೆ ಏನು ಅಚ್ಚಾಗಿದೆಯೋ ಅದನ್ನೇ ಇಡುವ ಪಕ್ಷದವನು.

ಇಷ್ಟೆಲ್ಲ ತಾಪತ್ರಯ ಯಾಕೆ, ಆ್ಯಪಿನಲ್ಲೋ ಕಿಂಡಲ್ಲಿನಲ್ಲೋ ಕೊಂಡು ಅಲ್ಲೇ ಓದಿದರೆ ಆಯಿತಲ್ಲ ಅನ್ನುವವರಿಗೆ ಎರಡು ಮಾತು. ಅಮೆಜಾನಿನವರು 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕ ಅಂತ ಡಂಗುರ ಹೊಡೆದರು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಐದು ಭಾಷೆ. ಕನ್ನಡ ಇರಲಿಲ್ಲ. ಬೆಂಗಳೂರಿನಲ್ಲಿ ಅವರ ಕಚೇರಿ ಇದೆ, ನಮ್ಮ ನೀರು ಕುಡಿಯುತ್ತಾರೆ, ನಮ್ಮ ಟ್ರಾಫಿಕ್ಕಿನಲ್ಲಿ ಓಡಾಡುತ್ತಾರೆ. ಮಲತಾಯಿ ಧೋರಣೆ ಅನ್ನುವ ಪದವನ್ನು ಬಳಸಿ ಬಳಸಿ ಸವೆದು ಹೋಗಿದೆ, ಇಲ್ಲಿ ಮಾತ್ರ ಹೊಸ ಮೊಳೆಯಂತೆ ಕೂರುತ್ತದೆ. ಅದೇ ಕಂಪೆನಿ 2009ರ ಜುಲೈನಲ್ಲಿ, ಜನ ದುಡ್ಡು ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲನ ಪುಸ್ತಕಗಳನ್ನು, ಮಾರಿದವನಿಗೆ ಹಕ್ಕಿರಲಿಲ್ಲ ಅನ್ನುವ ಕಾರಣಕ್ಕೆ, ಅವರವರ ಯಂತ್ರದಿಂದ ದೂರದಲ್ಲೇ ಕುಳಿತು ಅಳಿಸಿಹಾಕಿತು. ಮೈಕ್ರೋಸಾಫ್ಟಿನವರು 2019ರಲ್ಲಿ ತಮ್ಮ ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ದುಡ್ಡೇನೋ ವಾಪಸು ಕೊಟ್ಟರು, ಪುಸ್ತಕ ಮಾತ್ರ ಮಾಯ. 2025ರ ಫೆಬ್ರುವರಿಯಲ್ಲಿ ಅಮೆಜಾನ್, ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಂತಿ ಮೂಲಕ ಕಿಂಡಲ್ಲಿಗೆ ಹಾಕುವ ದಾರಿಯನ್ನೂ ಮುಚ್ಚಿತು. ಆ್ಯಪಿನೊಳಗಿರುವುದು ಬಾಡಿಗೆ ಮನೆ. ಕನ್ನಡದ ಆ್ಯಪು ಆದರೂ ಅಷ್ಟೆ, ಕಡತ ನಿಮ್ಮ ಕೈಗೆ ಕೊಡದಿದ್ದರೆ ಬೀಗದ ಕೈ ಮಾಲೀಕನದೇ.

ಅದಕ್ಕೇ ಹೇಳುತ್ತಿರುವುದು, ಪುಸ್ತಕ ನಿಮ್ಮ ಡಿಸ್ಕಿನಲ್ಲಿ ಇರಲಿ. ಕ್ಯಾಲಿಬರಿನಲ್ಲಿ ನಾನು ಮೆಚ್ಚುವ ಅಂಶ ಅಂದರೆ ಪ್ರತಿ ಪುಸ್ತಕದ ಪಕ್ಕದಲ್ಲೂ ಆ ವಿವರದ ಚಿಕ್ಕ ಕಡತವನ್ನು ಇಟ್ಟಿರುವುದು. ಲೆಡ್ಜರು ಹಾಳಾದರೂ ಆ ಚೀಟಿಗಳನ್ನು ಓದಿ ಮತ್ತೆ ಲೆಡ್ಜರು ಬರೆದುಕೊಳ್ಳುತ್ತದೆ. ಚೀಟಿಯನ್ನು ಬರಿಗಣ್ಣಿನಿಂದಲೂ ಓದಬಹುದು. ಪುಸ್ತಕ ಇಡುವ ಎಲ್ಲ ತಂತ್ರಾಂಶಕ್ಕೂ ಇದು ಕನಿಷ್ಠ ಷರತ್ತಾಗಬೇಕು. ಮಾಹಿತಿಯನ್ನೆಲ್ಲ ತನ್ನ ಹೊಟ್ಟೆಯಲ್ಲಿ ಮಾತ್ರ ಇಟ್ಟುಕೊಂಡು, ತಾನು ಸತ್ತರೆ ಕಪಾಟನ್ನೂ ಜೊತೆಗೆ ಒಯ್ಯುವ ತಂತ್ರಾಂಶ ಪುಕ್ಕಟೆ ಸಿಕ್ಕರೂ ಬೇಡ.

ಈಗ ಕೆಲಸದ ಮಾತು. ಈ ವಾರ ನಿಮ್ಮ ಉಗ್ರಾಣ ತೆರೆಯಿರಿ. ಹೆಣದ ಹೆಸರಿನ ಪುಸ್ತಕಗಳಿದ್ದರೆ ಒಂದೊಂದರ ಹೆಸರನ್ನೂ ತಿದ್ದಿ ಉಳಿಸಿ, ಫೋಲ್ಡರು ಕನ್ನಡಕ್ಕೆ ತಿರುಗುತ್ತದೆ. ತಿದ್ದುವ ಮುಂಚೆ ಇಡೀ ಉಗ್ರಾಣದ ಒಂದು ನಕಲನ್ನು ಬೇರೆ ಡಿಸ್ಕಿಗೆ ತೆಗೆದಿಡಿ, ಅವಸರ ಬೇಡ. ಭಾಷೆಯ ಜಾಗದಲ್ಲಿ ಕನ್ನಡ ಅಂತ ಹಾಕಿ. ಕೊಂಡ ಕನ್ನಡ ಇ-ಪುಸ್ತಕದ ಚೀಟಿಯಲ್ಲಿ ಇಂಗ್ಲಿಷ್ ಅಂತ ಇದ್ದರೆ ಪ್ರಕಾಶಕರಿಗೆ ಫೋನು ಮಾಡಿ, ಒಂದಲ್ಲ, ಹತ್ತು ಸಲ ಮಾಡಿ. ಜೋಡಿಸಲು ಕೊಡುವ ಲೇಖಕರು ನಿಮ್ಮಲ್ಲಿ ಇದ್ದರೆ ಯೂನಿಕೋಡಿನಲ್ಲಿ ಜೋಡಿಸದ ಅಂಗಡಿಗೆ ಕೆಲಸ ಕೊಡಬೇಡಿ. ಅಚ್ಚಾದ ಮೇಲೆ ಪಿಡಿಎಫ್ ಮಾತ್ರವಲ್ಲ, ಮೂಲ ಪಠ್ಯವನ್ನೂ ಕೇಳಿ ತೆಗೆದುಕೊಳ್ಳಿ.

ಮತ್ತೆ ನಮ್ಮ ವೃತ್ತಿಯವರಿಗೆ. ಅಟ್ಟದ ಮೇಲಿನ ಸಿ.ಡಿ.ಗಳನ್ನು ಇಳಿಸಿ. ಅವು ಬೂಷ್ಟು ಹಿಡಿದು ಓದಲಾಗದಂತೆ ಆಗುವ ಕಾಲ ಬಂದಾಗಿದೆ. ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಅರ್ಕಾವತ್ತಿನಲ್ಲೂ ಒತ್ತಕ್ಷರದಲ್ಲೂ ಅಲ್ಲಲ್ಲಿ ಎಡವುತ್ತವೆ, ಪ್ರೂಫ್ ಓದಬೇಕು. ನಮ್ಮ ಪ್ರೆಸ್ಸಿನಲ್ಲಿ ಶನಿವಾರ ಮಧ್ಯಾಹ್ನದ ಮೇಲೆ ಎರಡು ಕಂಪ್ಯೂಟರು ಖಾಲಿ ಇರುತ್ತವೆ. ಪ್ರೂಫ್ ಓದಬಲ್ಲ ಹುಡುಗ ಹುಡುಗಿಯರು ಈ ಪತ್ರಿಕೆ ತಂದುಕೊಡುವ ಕಾರ್ಯಕರ್ತರ ಹತ್ತಿರ ಹೆಸರು ಬರೆಸಿ. ಕನ್ನಡದಲ್ಲಿ ಬರೆಸಿ.